ಒಂದು ತಕ್ಕಡಿ, ಹಲವು ವಿದ್ಯೆ: ದಾಮೋದರ ಧರ್ಮಾನಂದ ಕೊಸಾಂಬಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಗಣಿತದ ಮೇಷ್ಟ್ರಾದ ನಾನು ರಾಮಾನುಜನ್ ಅವರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬಹುದು. ರಾಮಾನುಜನ್ ನಮ್ಮ ಮಕ್ಕಳಿಗೆ ಹೊಸಬರಲ್ಲ. ಆದರೆ ಗಣಿತ, ಅಂಕಿಅಂಶ ಶಾಸ್ತ್ರ, ತಳಿಶಾಸ್ತ್ರ, ನಾಣ್ಯಶಾಸ್ತ್ರ, ಸಂಸ್ಕೃತ, ಇತಿಹಾಸ ಇಷ್ಟರಲ್ಲೂ ಹೊಸದನ್ನು ಕಂಡ ಒಬ್ಬರು ನಮ್ಮ ನೆರೆಯ ಗೋವಾದಲ್ಲೇ ಹುಟ್ಟಿದ್ದರು. ಅವರು ಡಿ.ಡಿ. ಕೊಸಾಂಬಿ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದಲೇ ವಿಜ್ಞಾನವೋ, ವಾಣಿಜ್ಯವೋ, ಕಲೆಯೋ ಎಂದು ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವ ನಮಗೆ ಅವರ ಬದುಕು ತಿಳಿದಿರುವುದು ಒಳ್ಳೆಯದು ಎಂದು ಈ ಲೇಖನ ಬರೆಯುತ್ತಿದ್ದೇನೆ.

ದಾಮೋದರ ಧರ್ಮಾನಂದ ಕೊಸಾಂಬಿಯವರು 1907ರ ಜುಲೈ 31ರಂದು, ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಲ್ಲಿ ಜನಿಸಿದರು. ಮನೆಯಲ್ಲಿ ಅವರನ್ನು ಬಾಬಾ ಎಂದು ಕರೆಯುತ್ತಿದ್ದರು. ತಂದೆ ಧರ್ಮಾನಂದ ಕೊಸಾಂಬಿ ತಾವೇ ಒಂದು ದೊಡ್ಡ ಕಥೆ. ಬುದ್ಧನ ಧರ್ಮವನ್ನು ತಿಳಿಯಬೇಕೆಂಬ ಒಂದೇ ಹಂಬಲದಿಂದ ಮನೆ ಬಿಟ್ಟು, ಕಾಶಿ, ನೇಪಾಳ, ಸಿಂಹಳ, ಬರ್ಮಾಗಳನ್ನು ಸುತ್ತಿ ಪಾಲಿ ಭಾಷೆಯ ದೊಡ್ಡ ವಿದ್ವಾಂಸರಾದವರು ಅವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಪಾಲಿ ಗ್ರಂಥವೊಂದರ ಸಂಪಾದನೆಗೆ ಅವರನ್ನು ಕರೆಸಿಕೊಂಡಿತ್ತು. 1918ರಲ್ಲಿ ಹಾಗೆ ಹೋಗುವಾಗ ಮಗನನ್ನೂ ಹಿರಿಯ ಮಗಳು ಮಾಣಿಕಳನ್ನೂ ಜೊತೆಗೆ ಕರೆದೊಯ್ದರು. ಹನ್ನೊಂದರ ಹುಡುಗ ಅಮೆರಿಕದ ಕೇಂಬ್ರಿಜ್ ಊರಿನ ಶಾಲೆ ಸೇರಿದ. ಮುಂದೆ ಹಾರ್ವರ್ಡ್‌ನಲ್ಲೇ ಓದಿ 1929ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಗಣಿತದ ಜೊತೆಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಕಲಿತಿದ್ದರು.

ಅಲ್ಲೇ ನಿಂತಿದ್ದರೆ ಸುಖವಾದ ಬದುಕು ಸಿಗುತ್ತಿತ್ತೇನೋ. ಅವರು ಊರಿಗೆ ಮರಳಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾದರು. ಗಣಿತದೊಂದಿಗೆ ಜರ್ಮನ್ ಭಾಷೆಯನ್ನೂ ಕಲಿಸಿದರು. 1931ರಲ್ಲಿ ಅಲಿಗಢಕ್ಕೆ ಹೋದರು. ಅಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು ಆಂದ್ರೆ ವೇಯ್ಲ್ ಎಂಬ ಫ್ರೆಂಚ್ ತರುಣ. ಮುಂದೆ ಆ ಶತಮಾನದ ಮಹಾ ಗಣಿತಜ್ಞರಲ್ಲಿ ಒಬ್ಬರೆನಿಸಿದವರು. ವೇಯ್ಲ್ ಅವರ ಕುಮ್ಮಕ್ಕಿನಿಂದ ಕೊಸಾಂಬಿ ಒಂದು ತಮಾಷೆ ಮಾಡಿದರು. ಬೂರ್ಬಾಕಿ ಎಂಬ, ಎಂದೂ ಇಲ್ಲದ ಗಣಿತಜ್ಞನೊಬ್ಬನ ಪ್ರಮೇಯವನ್ನು ವಿಸ್ತರಿಸುವ ಲೇಖನವನ್ನು ಭಾರತದ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ವೇಯ್ಲ್ ಮತ್ತು ಅವರ ಫ್ರೆಂಚ್ ಗೆಳೆಯರು ಅದೇ ಬೂರ್ಬಾಕಿ ಹೆಸರಿನಲ್ಲಿ ಸೇರಿ ಬರೆದ ಗ್ರಂಥಗಳು ಇಡೀ ಜಗತ್ತಿನ ಗಣಿತ ಬೋಧನೆಯನ್ನೇ ಬದಲಿಸಿದವು. ಆ ಹೆಸರು ಗಣಿತದ ಲೇಖನವೊಂದರಲ್ಲಿ ಮೊದಲು ಅಚ್ಚಾದದ್ದು ನಮ್ಮ ದೇಶದಲ್ಲಿ!

ಆ ಬಳಿಕ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿ ಸುಮಾರು ಹನ್ನೆರಡು ವರ್ಷ ಪಾಠ ಹೇಳಿದರು. ಅವರ ಸಂಶೋಧನೆಯ ಬಹುಪಾಲು ಬೀಜ ಬಿದ್ದದ್ದು ಇಲ್ಲಿಯೇ. ಮೊದಲು ಅವರ ಕ್ಷೇತ್ರ ರೇಖಾಗಣಿತದ ಉನ್ನತ ಶಾಖೆಯಾಗಿತ್ತು. 1933ರಲ್ಲಿ ಜರ್ಮನಿಯ ಪತ್ರಿಕೆಯಲ್ಲಿ ಬಂದ ಅವರ ಲೇಖನಕ್ಕೆ ಫ್ರಾನ್ಸಿನ ಹಿರಿಯ ಗಣಿತಜ್ಞ ಕಾರ್ತಾನ್ ಸ್ಪಂದಿಸಿ ಬರೆದರು. ಮುಂದೆ ಚೀನಾದ ಚರ್ನ್ ಅದನ್ನು ಬೆಳೆಸಿದರು. ಇಂದಿಗೂ ಅದು ಕೊಸಾಂಬಿ–ಕಾರ್ತಾನ್–ಚರ್ನ್ ಸಿದ್ಧಾಂತವೆಂದೇ ಹೆಸರಾಗಿದೆ. 1934ರಲ್ಲಿ ಅವರಿಗೆ ರಾಮಾನುಜನ್ ಸ್ಮಾರಕ ಬಹುಮಾನ ಸಂದಿತು.

ಇಲ್ಲಿಂದ ಮುಂದಿನ ದಾರಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು. ಕೊಸಾಂಬಿಯವರಿಗೆ ಅಂಕಿಅಂಶ ಶಾಸ್ತ್ರ ಕಲಿಯಬೇಕೆನ್ನಿಸಿತು. ಬರೀ ಪುಸ್ತಕ ಓದಿ ಕಲಿಯುವ ಜಾಯಮಾನ ಅವರದಲ್ಲ. ಅಭ್ಯಾಸಕ್ಕಾಗಿ ಒಂದು ನಿಜವಾದ ಸಮಸ್ಯೆ ಬೇಕಿತ್ತು. ಮೊದಲು ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳನ್ನು ತೆಗೆದುಕೊಂಡು ನೋಡಿದರು. ಆಮೇಲೆ ಅವರ ಕಣ್ಣು ಹಳೆಯ ನಾಣ್ಯಗಳ ಮೇಲೆ ಬಿತ್ತು.

ನಮ್ಮ ದೇಶದ ಅತಿ ಹಳೆಯ ನಾಣ್ಯಗಳೆಂದರೆ ಮುದ್ರಾಂಕಿತ ಬೆಳ್ಳಿ ತುಣುಕುಗಳು. ಒಂದೊಂದೂ ಸುಮಾರು ಮೂರೂವರೆ ಗ್ರಾಂ ತೂಕದ್ದು. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ. ಸೂರ್ಯ, ಬೆಟ್ಟ, ಆನೆ, ಗೂಳಿ ಮುಂತಾದ ಚಿಹ್ನೆಗಳಷ್ಟೇ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಹೇಳುವುದು ಹೇಗೆ? ಕೊಸಾಂಬಿಯವರು ಚಿಹ್ನೆಯ ಅರ್ಥ ಊಹಿಸುತ್ತ ಕೂರಲಿಲ್ಲ. ನಾಣ್ಯವನ್ನು ತಕ್ಕಡಿಯಲ್ಲಿಟ್ಟರು. ನಾಣ್ಯ ಕೈಯಿಂದ ಕೈಗೆ ಹೋದಂತೆಲ್ಲ ಕೂದಲೆಳೆಯಷ್ಟು ಸವೆಯುತ್ತದೆ. ಟಂಕಸಾಲೆಯಿಂದ ಹೊರಬಂದಾಗ ಎಲ್ಲದರ ತೂಕ ಹೆಚ್ಚುಕಡಿಮೆ ಒಂದೇ. ಕಾಲ ಕಳೆದಂತೆ ಸರಾಸರಿ ತೂಕ ಇಳಿಯುತ್ತದೆ. ಜೊತೆಗೆ ಒಂದು ಹೆಚ್ಚು, ಇನ್ನೊಂದು ಕಡಿಮೆ ಸವೆಯುವುದರಿಂದ ತೂಕಗಳ ನಡುವಿನ ವ್ಯತ್ಯಾಸ ಹಿಗ್ಗುತ್ತದೆ. ಸರಾಸರಿ ಮತ್ತು ಮಾನಕ ವಿಚಲನೆ, ನಾವು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವ ಆ ಎರಡೇ ಅಳತೆಗಳು ಸಾಕಾದವು. ಈ ನಿಯಮ ನಿಜವೇ ಎಂದು ಪರೀಕ್ಷಿಸಲು ಇಸವಿ ಮುದ್ರಿತವಾಗಿದ್ದ ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೂ ಸಾವಿರಗಟ್ಟಲೆ ತೂಗಿ ನೋಡಿದರು.

ತಕ್ಷಶಿಲೆಯ ನೆಲದಲ್ಲಿ ಸಿಕ್ಕ ನಿಧಿಯಲ್ಲಿ ಒಂದು ವಿಶೇಷ ಕಂಡಿತು. ನಾಣ್ಯದ ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತುಗಳಿದ್ದವು. ಗುರುತು ಹೆಚ್ಚಾದಷ್ಟೂ ಸರಾಸರಿ ತೂಕ ಕ್ರಮವಾಗಿ ಕಡಿಮೆಯಾಗಿತ್ತು. ಹಾಗಾದರೆ ಈ ಗುರುತುಗಳು ಕಾಲಕಾಲಕ್ಕೆ ನಾಣ್ಯವನ್ನು ಪರೀಕ್ಷಿಸಿದ ವರ್ತಕರು ಒತ್ತಿದವು ಎಂದು ಅವರು ತರ್ಕಿಸಿದರು. ಅದೇ ನಿಧಿಯಲ್ಲಿ ಅಲೆಗ್ಸಾಂಡರನ ನಾಣ್ಯಗಳೂ ಇದ್ದುದರಿಂದ ಕಾಲದ ಒಂದು ಆಧಾರ ಸಿಕ್ಕಿತು. ಹೆಸರೇ ಬರೆದಿರದ ಬೆಳ್ಳಿಯ ಚೂರಿನಿಂದ ಎರಡು ಸಾವಿರ ವರ್ಷಕ್ಕೂ ಹಿಂದಿನ ವ್ಯಾಪಾರ ವ್ಯವಸ್ಥೆಯ ಸುಳಿವು ಹೊರಟಿತು. ಇತಿಹಾಸಕ್ಕೆ ತಕ್ಕಡಿ ಸಾಕ್ಷಿ ಹೇಳಿದ ಪ್ರಸಂಗವಿದು.

ಆದರೆ ತಕ್ಕಡಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಇನ್ನೊಂದನ್ನು ಎತ್ತಿತು. ಈ ನಾಣ್ಯಗಳನ್ನು ಹೊರಡಿಸಿದವರು ಯಾರು? ಅದಕ್ಕೆ ಹಳೆಯ ಗ್ರಂಥಗಳನ್ನು ಓದಬೇಕು. ಓದಲು ಸಂಸ್ಕೃತ ಚೆನ್ನಾಗಿ ಬರಬೇಕು. ಗಣಿತದ ಪ್ರಾಧ್ಯಾಪಕರು ಸಂಸ್ಕೃತಕ್ಕೆ ಕುಳಿತರು. ಇಲ್ಲಿಯೂ ಅದೇ ಪದ್ಧತಿ: ಕಲಿಯಲು ಒಂದು ನಿಜವಾದ ಕೆಲಸ ಹಿಡಿಯಬೇಕು. ಭರ್ತೃಹರಿಯ ನೀತಿ, ಶೃಂಗಾರ, ವೈರಾಗ್ಯ ಶತಕಗಳನ್ನು ಕೈಗೆತ್ತಿಕೊಂಡರು. ನಮ್ಮ ಮಕ್ಕಳು ಸಂಸ್ಕೃತ ಪಾಠದಲ್ಲಿ ಬಾಯಿಪಾಠ ಮಾಡುವ ಸುಭಾಷಿತಗಳಲ್ಲಿ ಎಷ್ಟೋ ಭರ್ತೃಹರಿಯ ಹೆಸರಿನಲ್ಲೇ ಇವೆ. ಆದರೆ ಊರೂರಿನ ಹಸ್ತಪ್ರತಿಗಳಲ್ಲಿ ಶ್ಲೋಕಗಳು ಬೇರೆ ಬೇರೆ. ಕವಿಯ ಹೆಸರಿನಲ್ಲಿ ಶತಮಾನಗಳುದ್ದಕ್ಕೂ ಜನ ತಮ್ಮದನ್ನೂ ಸೇರಿಸುತ್ತ ಬಂದಿದ್ದರು. ಕೊಸಾಂಬಿಯವರು 377 ಹಸ್ತಪ್ರತಿಗಳನ್ನು ಹೋಲಿಸಿ, ಅವುಗಳನ್ನು ವಂಶವೃಕ್ಷದಂತೆ ಗುಂಪು ಮಾಡಿ, ಬಹುಪಾಲು ಎಲ್ಲ ಪಾಠಗಳಲ್ಲೂ ಬರುವ ಸುಮಾರು 200 ಶ್ಲೋಕಗಳನ್ನು ಬೇರ್ಪಡಿಸಿ ತೋರಿಸಿದರು. 1948ರಲ್ಲಿ ಪ್ರಕಟವಾದ ಆ ಸಂಪಾದನೆ ಸಂಸ್ಕೃತ ವಿದ್ವಾಂಸರ ಗೌರವಕ್ಕೆ ಪಾತ್ರವಾಯಿತು. ಮುಂದೆ 1957ರಲ್ಲಿ ವಿ.ವಿ. ಗೋಖಲೆಯವರ ಜೊತೆ ಸೇರಿ ವಿದ್ಯಾಕರನೆಂಬ ಬೌದ್ಧ ವಿದ್ವಾಂಸ ಸಂಗ್ರಹಿಸಿದ್ದ ಸುಭಾಷಿತರತ್ನಕೋಶವನ್ನು ಹಾರ್ವರ್ಡ್ ಗ್ರಂಥಮಾಲೆಗಾಗಿ ಸಂಪಾದಿಸಿದರು. ಅದರ ತಾಳೆಗರಿಯ ಪ್ರತಿಯನ್ನು ಟಿಬೆಟ್ಟಿನ ಮಠದಲ್ಲಿ ಕಂಡುಹಿಡಿದವರು ರಾಹುಲ ಸಾಂಕೃತ್ಯಾಯನರು.

ಇದೆಲ್ಲ ನಡೆಯುತ್ತಿದ್ದ ವರ್ಷಗಳಲ್ಲೇ ಗಣಿತವೂ ನಿಂತಿರಲಿಲ್ಲ. 1943ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಏರಿಳಿಯುವ ಗೊಂದಲದ ಮಾಹಿತಿಯನ್ನು ಕೆಲವೇ ಮುಖ್ಯ ಅಂಶಗಳಾಗಿ ಬಿಡಿಸುವ ವಿಧಾನ ಅದರಲ್ಲಿತ್ತು. ಯುದ್ಧದ ಕಾಲ, ಹೊರದೇಶದವರ ಕಣ್ಣಿಗೆ ಅದು ಬೀಳಲಿಲ್ಲ. ಕೆಲವು ವರ್ಷಗಳ ನಂತರ ಅದನ್ನೇ ಸ್ವತಂತ್ರವಾಗಿ ಕಂಡ ಕಾರ್ಹುನೆನ್ ಮತ್ತು ಲೊಯೆವ್ ಅವರ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಇಂದು ಚಿತ್ರಗಳ ಮಾಹಿತಿಯನ್ನು ಅಡಕಗೊಳಿಸಲು, ನೀರು ಮತ್ತು ಗಾಳಿಯ ಸುಳಿಗಳನ್ನು ಅಧ್ಯಯನ ಮಾಡಲು ಆ ವಿಧಾನ ಬಳಕೆಯಲ್ಲಿದೆ.

ಮರುವರ್ಷ, 1944ರಲ್ಲಿ, ಅವರು ತಳಿಶಾಸ್ತ್ರಕ್ಕೆ ಒಂದು ಸೂತ್ರ ಕೊಟ್ಟರು. ವರ್ಣತಂತುವಿನ ಮೇಲೆ ಎರಡು ಜೀನುಗಳು ಎಷ್ಟು ದೂರದಲ್ಲಿವೆ ಎಂಬುದನ್ನು, ಅವು ಮುಂದಿನ ಪೀಳಿಗೆಯಲ್ಲಿ ಎಷ್ಟು ಸಲ ಬೇರೆಯಾಗುತ್ತವೆ ಎಂಬುದರಿಂದ ಅಳೆಯುತ್ತಾರೆ. ಆದರೆ ನಡುವೆ ಎರಡು ಸಲ ಅದಲುಬದಲಾದರೆ ಏನೂ ಆಗದಂತೆ ಕಾಣುತ್ತದೆ. ದೂರ ಇರುವುದಕ್ಕಿಂತ ಕಡಿಮೆಯೆನಿಸುತ್ತದೆ. ಅಲ್ಲದೆ ಒಂದು ಅದಲುಬದಲು ನಡೆದ ಕಡೆ ಹತ್ತಿರದಲ್ಲೇ ಇನ್ನೊಂದು ನಡೆಯುವುದು ವಿರಳ. ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಜವಾದ ದೂರ ಹೇಳುವುದು ಕೊಸಾಂಬಿ ಸೂತ್ರ. ಇವತ್ತಿಗೂ ಬೆಳೆಗಳ ಜೀನು ನಕ್ಷೆ ಬರೆಯುವ ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಆ ಕೊಸಾಂಬಿಯೂ ಇತಿಹಾಸಕಾರ ಕೊಸಾಂಬಿಯೂ ಒಬ್ಬರೇ ಎಂಬುದು ತಿಳಿದಿರಲಾರದು.

1945ರಲ್ಲಿ ಹೋಮಿ ಭಾಭಾ ಅವರು ಆಗಷ್ಟೇ ಆರಂಭವಾಗಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಅವರನ್ನು ಬರಮಾಡಿಕೊಂಡರು. ಕೆಲಸ ಮುಂಬಯಿಯಲ್ಲಿ, ಮನೆ ಪುಣೆಯಲ್ಲಿ. ಡೆಕ್ಕನ್ ಕ್ವೀನ್ ರೈಲಿನ ಓಡಾಟ ಅವರ ಬದುಕಿನ ಭಾಗವೇ ಆಯಿತು. ಬಿಡುವಿದ್ದಾಗ ಕೈಯಲ್ಲೊಂದು ಕೋಲು ಹಿಡಿದು ಪುಣೆಯ ಸುತ್ತಲಿನ ಗುಡ್ಡ, ಕಣಿವೆಗಳಲ್ಲಿ ನಡೆಯುತ್ತಿದ್ದರು. ಕುಂಕುಮ ಮೆತ್ತಿದ ಹಳ್ಳಿಯ ಅಮ್ಮನ ಕಲ್ಲುಗಳು, ಕುರುಬರು ಹಿಂಡು ಹೊಡೆದುಕೊಂಡು ಹೋಗುವ ಜಾಡು, ಪಂಢರಾಪುರಕ್ಕೆ ವಾರಕರಿಗಳು ನಡೆಯುವ ಹಾದಿ, ಕಾರ್ಲಾ ಗುಹೆಗಳ ಬ್ರಾಹ್ಮೀ ಶಾಸನಗಳು ಎಲ್ಲವನ್ನೂ ಗಮನಿಸಿದರು. ಆ ಜಾಡಿನಲ್ಲೇ ಶಿಲಾಯುಗದ ಸಣ್ಣ ಕಲ್ಲಿನ ಅಲಗುಗಳು ಸಿಕ್ಕವು. ನೇಗಿಲು ಬರುವ ಮೊದಲೇ ಜನ ಓಡಾಡಿದ ದಾರಿಗಳ ಮೇಲೆ ದೇವತೆಗಳು ನಿಂತಿದ್ದಾರೆ ಎಂದು ಅವರು ವಾದಿಸಿದರು. ಪುಸ್ತಕ ಓದಿದರೆ ಸಾಲದು; ರೈತರನ್ನು, ಕುರಿಗಾಹಿಗಳನ್ನು ಕೇಳಬೇಕು, ಅವರ ಉಪಕರಣ ನೋಡಬೇಕು ಎಂಬುದು ಅವರ ನಿಲುವು.

ಈ ಎಲ್ಲದರ ಫಲವೇ 1956ರಲ್ಲಿ ಬಂದ ಭಾರತೀಯ ಇತಿಹಾಸದ ಅಧ್ಯಯನಕ್ಕೆ ಪೀಠಿಕೆ ಎಂಬರ್ಥದ ಇಂಗ್ಲಿಷ್ ಗ್ರಂಥ. ರಾಜರ ಪಟ್ಟಿ, ಯುದ್ಧಗಳ ಇಸವಿ ಅದರ ವಿಷಯವಲ್ಲ. ಜನ ಅನ್ನವನ್ನು ಹೇಗೆ ದುಡಿದರು, ಆ ದುಡಿಮೆಯ ಫಲ ಯಾರ ಪಾಲಾಯಿತು, ನೇಗಿಲು ಮತ್ತು ಕಬ್ಬಿಣ ಸಮಾಜವನ್ನು ಹೇಗೆ ಬದಲಿಸಿದವು ಎಂಬುದು ಅದರ ಪ್ರಶ್ನೆ. ಮಾರ್ಕ್ಸನ ವಿಚಾರವನ್ನು ಅವರು ಒಪ್ಪಿದ್ದರು. ಆದರೆ ಆಧಾರವಿಲ್ಲದೆ ಸೂತ್ರ ಅಂಟಿಸಿದವರನ್ನು ಬಿಡಲಿಲ್ಲ. ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆಯವರ ಪುಸ್ತಕವನ್ನೇ ಕಟುವಾಗಿ ವಿಮರ್ಶಿಸಿದ್ದರು. ಅವರ ತೀರ್ಮಾನಗಳಲ್ಲಿ ಕೆಲವನ್ನು ನಂತರದ ಇತಿಹಾಸಕಾರರು ಒಪ್ಪಿಲ್ಲ. ಆದರೆ ಪ್ರಶ್ನೆ ಕೇಳುವ ರೀತಿಯನ್ನು ಅವರಿಂದ ಕಲಿಯದವರು ವಿರಳ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯವಾದೀತು. ಕೊನೆಯ ವರ್ಷಗಳು ಕಹಿಯಾಗಿದ್ದವು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ ರೀಮಾನ್ ಊಹೆ ಗಣಿತದ ಅತಿ ಕಠಿಣ ಸಮಸ್ಯೆ, ಇಂದಿಗೂ ಬಗೆಹರಿದಿಲ್ಲ. ಅದನ್ನು ಸಂಭವನೀಯತೆಯ ವಿಧಾನದಿಂದ ಸಾಧಿಸಿದೆನೆಂದು ಅವರು 1959ರಲ್ಲಿ, ಕೃಷಿ ಅಂಕಿಅಂಶಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗಣಿತಜ್ಞರು ಆ ಸಾಧನೆಯನ್ನು ಒಪ್ಪಲಿಲ್ಲ. ಅಣುಶಕ್ತಿಯ ವಿಷಯದಲ್ಲೂ ಭಾಭಾ ಅವರ ದಾರಿಗೆ ಅವರ ದಾರಿ ಕೂಡಲಿಲ್ಲ. ಬಿಸಿಲು ಧಾರಾಳವಾಗಿರುವ ನಮ್ಮ ನಾಡಿಗೆ ಸೌರಶಕ್ತಿಯೇ ತಕ್ಕದ್ದೆಂದು ಅವರು ಬಹಿರಂಗವಾಗಿ ವಾದಿಸುತ್ತಿದ್ದರು. 1962ರಲ್ಲಿ ಸಂಸ್ಥೆ ಅವರ ಸೇವೆಯನ್ನು ಮುಂದುವರಿಸಲಿಲ್ಲ. ತರಗತಿಯಲ್ಲಿ ಮಹನೀಯರ ಬಗ್ಗೆ ಹೇಳುವಾಗ ನಾವು ಇಂಥ ಪುಟಗಳನ್ನು ಮಡಚಿಡುತ್ತೇವೆ. ನನಗೆ ಅದು ಸರಿಯೆನಿಸುವುದಿಲ್ಲ. ಹೊಲ ಬದಲಿಸಿ ಉಳುವವನಿಗೆ ಎಲ್ಲ ಹೊಲದಲ್ಲೂ ಫಸಲು ಬರುವುದಿಲ್ಲ. ಬೇರೆ ಕ್ಷೇತ್ರದ ಕಣ್ಣು ಕೆಲವೆಡೆ ಬೆಳಕು ಕೊಟ್ಟರೂ, ಆ ಕ್ಷೇತ್ರ ಕೇಳುವ ಪೂರ್ಣ ಸಾಧನೆಗೆ ಅದು ಬದಲಿಯಾಗದು. ಸಾವಿರಾರು ನಾಣ್ಯಗಳ ಸರಾಸರಿ ಇತಿಹಾಸಕ್ಕೆ ಸಾಕ್ಷಿಯಾಗಬಹುದು. ಗಣಿತದ ಪ್ರಮೇಯಕ್ಕೆ ಒಂದು ಹೆಜ್ಜೆಯೂ ತಪ್ಪದ ಸಾಧನೆಯೇ ಬೇಕು. ಎಲ್ಲ ವಿದ್ಯೆಯೂ ಸತ್ಯವನ್ನೇ ಹುಡುಕುತ್ತದೆ, ಆದರೆ ಪ್ರತಿ ವಿದ್ಯೆಯ ಒರೆಗಲ್ಲು ಬೇರೆ. ಅವರ ಗೆಲುವಿನಷ್ಟೇ ಈ ಸೋಲೂ ನಮಗೆ ಪಾಠ.

ಕೆಲಸ ಹೋದ ಮೇಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 1965ರಲ್ಲಿ ಪ್ರಾಚೀನ ಭಾರತದ ಸಂಸ್ಕೃತಿ ಮತ್ತು ನಾಗರಿಕತೆಯನ್ನು ಕುರಿತ ಅವರ ಗ್ರಂಥ ಹೊರಬಂತು. 1966ರ ಜೂನ್ 29ರಂದು, ಐವತ್ತೆಂಟರ ವಯಸ್ಸಿನಲ್ಲಿ, ಪುಣೆಯ ಮನೆಯಲ್ಲಿ ನಿದ್ರೆಯಲ್ಲೇ ತೀರಿಕೊಂಡರು. 2008ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ನಮ್ಮಲ್ಲಿ ಅಂಕ ಹೆಚ್ಚು ಬಂದವರು ವಿಜ್ಞಾನಕ್ಕೆ, ಕಡಿಮೆ ಬಂದವರು ಕಲೆಗೆ ಎಂಬ ಬರೆಯದ ಕಾನೂನೊಂದಿದೆ. ಕಥೆ, ಇತಿಹಾಸದಲ್ಲಿ ಮನಸ್ಸಿದ್ದ ಜಾಣ ಮಕ್ಕಳು ಮನೆಯವರ ಮಾತಿಗೆ ವಿಜ್ಞಾನ ಸೇರಿದ್ದನ್ನೂ, ಲೆಕ್ಕ ಚೆನ್ನಾಗಿ ಬರುತ್ತಿದ್ದ ಮಕ್ಕಳು ಒಂದು ಪರೀಕ್ಷೆಯ ಅಂಕದಿಂದಾಗಿ ಲೆಕ್ಕವನ್ನೇ ಬಿಟ್ಟದ್ದನ್ನೂ ನಾನು ಕಂಡಿದ್ದೇನೆ. ಕಾಲೇಜಿಗೆ ಸೇರುವಾಗ ಒಂದು ವಿಭಾಗ ಆರಿಸಲೇಬೇಕು, ಅದು ವ್ಯವಸ್ಥೆಯ ಅನುಕೂಲ. ಆದರೆ ಪ್ರಶ್ನೆಗಳಿಗೆ ವಿಭಾಗವಿಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಒಂದು ತಕ್ಕಡಿಯಿದೆ. ಅದರಲ್ಲಿ ಬೇರೆ ಬೇರೆ ಇಸವಿಯ ಒಂದು ರೂಪಾಯಿ ನಾಣ್ಯಗಳನ್ನು ತೂಗಿ, ಸರಾಸರಿ ತೆಗೆದು, ಸಮಾಜ ವಿಜ್ಞಾನದ ಮೇಷ್ಟ್ರಿಗೆ ತೋರಿಸುವ ವಿದ್ಯಾರ್ಥಿಗಳು ಮುಂದಿನ ಐವತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬರಲಿ ಎಂದು ಹಾರೈಸುತ್ತೇನೆ.