ಪಿಸ್ತೂಲು ಬಿಗಿಯಾದಷ್ಟೂ ಒಳ್ಳೆಯದೇ? ಉತ್ತರ ಬ್ರೌನಿಂಗ್ ಬದುಕಿನಲ್ಲಿದೆ

ಅಲ್ಲಾಡಿಸಿದರೆ ಸದ್ದು ಮಾಡುವ ಯಂತ್ರ ಕಳಪೆ, ಬಿಗಿಯಾಗಿ ಕೂತದ್ದು ಗಟ್ಟಿ ಎಂದು ಬಹಳ ಜನ ನಂಬುತ್ತಾರೆ. ಅಮೆರಿಕದ ಸೇನೆ 1911ರಿಂದ 1985ರವರೆಗೆ ಬಳಸಿದ ಎಂ1911 ಪಿಸ್ತೂಲಿನ ಬಗ್ಗೆಯೂ ಇದೇ ಮಾತಿದೆ. ಸೇನೆ ಕೊಟ್ಟದ್ದು ಸಡಿಲ, ಗನ್‌ಸ್ಮಿತ್ ಬಳಿ ಬಿಗಿ ಮಾಡಿಸಿದರಷ್ಟೇ ಸರಿ ಎನ್ನುತ್ತಾರೆ. ಇದು ಎಷ್ಟು ನಿಜ ಎಂದು ತಿಳಿಯಲು ನಾವು ಆ ಪಿಸ್ತೂಲನ್ನು ರೂಪಿಸಿದ ಜಾನ್ ಮೋಸಸ್ ಬ್ರೌನಿಂಗ್ ಅವರ ಬದುಕನ್ನು ನೋಡೋಣ.

ಬ್ರೌನಿಂಗ್ ಕೂಡ ಗನ್‌ಸ್ಮಿತ್, ಅಂದರೆ ಬಂದೂಕು ಮಾಡುವ, ರಿಪೇರಿ ಮಾಡುವ ಕಸುಬಿನವರು. 1855ರಲ್ಲಿ ಯೂಟಾದ ಓಗ್ಡೆನ್‌ನಲ್ಲಿ ಹುಟ್ಟಿದ ಅವರು ಕೆಲಸ ಕಲಿತದ್ದು ತಂದೆ ಜೊನಾಥನ್ ಅವರ ಅಂಗಡಿಯಲ್ಲೇ. 1879ರಲ್ಲಿ ಒಂದು ರೈಫಲ್‌ಗೆ ಮೊದಲ ಪೇಟೆಂಟ್ ಸಿಕ್ಕಿತು. 1883ರಲ್ಲಿ ವಿಂಚೆಸ್ಟರ್ ಕಂಪನಿ ಅದರ ಹಕ್ಕನ್ನು 8,000 ಡಾಲರ್‌ಗೆ ಕೊಂಡಿತು. ಜೀವನದಲ್ಲಿ ಪಡೆದ ಪೇಟೆಂಟ್‌ಗಳು ಒಟ್ಟು 128.

ಎಂ1911 ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಸೇನೆ ಕೇಳಿದಂತೆ ಬ್ರೌನಿಂಗ್ ವರ್ಷಗಟ್ಟಲೆ ತಿದ್ದಿದರು. ಹಿಡಿಯ ಓರೆ ಬದಲಾಯಿತು. ಹಿಡಿಯನ್ನು ಸರಿಯಾಗಿ ಅದುಮದಿದ್ದರೆ ಗುಂಡು ಹಾರದಂತೆ ಒಂದು ತಡೆ ಬಂತು. ಒಂದು ಕೈಯಲ್ಲಿ ಲಗಾಮು ಹಿಡಿದ ಕುದುರೆ ಸವಾರನಿಗಾಗಿ ಹೆಬ್ಬೆರಳಿನಲ್ಲೇ ಹಾಕಬಹುದಾದ ಇನ್ನೊಂದು ತಡೆಯೂ ಸೇರಿತು. 1911ರ ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ 6,000 ಗುಂಡು ಹಾರಿಸಿದರು. ಕಾದಾಗ ನೀರಿನಲ್ಲಿ ಅದ್ದಿ ತಣಿಸಿದರು. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

ಈಗ ಸಡಿಲದ ವಿಷಯ. ಗುಂಡು ಹಾರಿದಾಗ ನಳಿಗೆಯೂ ಅದರ ಮೇಲಿನ ಸ್ಲೈಡೂ ಒಟ್ಟಿಗೆ ತುಸು ಹಿಂದೆ ಸರಿಯುತ್ತವೆ. ಬಳಿಕ ಒಂದು ಪುಟ್ಟ ಕೊಂಡಿ ನಳಿಗೆಯ ಹಿಂತುದಿಯನ್ನು ಕೆಳಗೆ ಎಳೆಯುತ್ತದೆ. ಸ್ಲೈಡ್ ಬಿಡಿಸಿಕೊಂಡು ಹಿಂದೆ ಹೋಗಿ ಖಾಲಿ ತೋಟಾವನ್ನು ಎಸೆಯುತ್ತದೆ, ಮರಳುವಾಗ ಹೊಸದನ್ನು ತಳ್ಳುತ್ತದೆ. ನಳಿಗೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂತರೆ ಗುರಿ ನಿಖರ. ಆದ್ದರಿಂದ ಬಿಗಿ ಮಾಡಿಸಿದರೆ ಗುರಿ ಸುಧಾರಿಸುತ್ತದೆ ಎಂಬುದು ನಿಜವೇ. ಸ್ಪರ್ಧೆಗಳಿಗೆಂದು ಸೇನೆಯ ಕುಶಲಕರ್ಮಿಗಳೇ ಹಾಗೆ ಮಾಡುತ್ತಿದ್ದರು. ಆದರೆ ಮಸಿ, ಮಣ್ಣು, ಗಟ್ಟಿಯಾದ ಎಣ್ಣೆಗೂ ಜಾಗ ಬೇಕಲ್ಲ! ಅಲ್ಲದೆ ಕೈಯಲ್ಲಿ ಅರೆದು ಕೂರಿಸಿದ ಭಾಗ ಇನ್ನೊಂದು ಪಿಸ್ತೂಲಿಗೆ ಹೊಂದುವುದಿಲ್ಲ. ಬೇರೆ ಬೇರೆ ಕಾರ್ಖಾನೆಗಳ ಬಿಡಿಭಾಗ ಅದಲುಬದಲಾಗಬೇಕಿದ್ದ ಸೇನೆಗೆ ಇದು ದೊಡ್ಡ ತೊಡಕು.

ಟ್ರಿಗರ್ ಹಗುರ ಮಾಡಿಸುವುದು ಇದಕ್ಕಿಂತ ಅಪಾಯಕಾರಿ. ಸುತ್ತಿಗೆಯನ್ನು ಹಿಡಿದಿಡುವ ಅಂಚನ್ನು ಅತಿಯಾಗಿ ಉಜ್ಜಿದರೆ, ಸ್ಲೈಡ್ ಮುಚ್ಚಿದ ಹೊಡೆತಕ್ಕೇ ಅದು ಜಾರಬಹುದು. ಬೆರಳು ತಾಗದೆಯೇ ಗುಂಡು ಹಾರಿದರೆ ಎದುರಿಗಿದ್ದವರ ಗತಿ? ಇಂಥ ಕೆಲಸ ಪರಿಣತರಿಗಷ್ಟೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲ ಮಹಾಯುದ್ಧದ ಅನುಭವದ ನಂತರ ಸೇನೆ ಮತ್ತೆ ತಿದ್ದುಪಡಿ ಮಾಡಿತು: ಟ್ರಿಗರ್ ಗಿಡ್ಡವಾಯಿತು, ಹಿಡಿಯ ಹಿಂಭಾಗ ಉಬ್ಬಿತು. ಎಲ್ಲವೂ ಕೈಗೆ ಒಗ್ಗಲೆಂದು ಮಾಡಿದ್ದು. ಒಳಗಿನ ಕೊಂಡಿ ಹಾಗೇ ಉಳಿಯಿತು.

1926ರ ನವೆಂಬರ್ 26ರಂದು ಬೆಲ್ಜಿಯಂನ ಲೀಜ್‌ನಲ್ಲಿ, ಎಫ್‌ಎನ್ ಕಾರ್ಖಾನೆಯಲ್ಲೇ ಬ್ರೌನಿಂಗ್ ಹೃದಯಾಘಾತದಿಂದ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ಪಿಸ್ತೂಲನ್ನು ಅಲ್ಲಿನ ಡಿಯುಡೊನೆ ಸೈವ್ ಮುಗಿಸಿದರು. 1935ರಲ್ಲಿ ಬಂದ ಆ ಹೈ ಪವರ್‌ನಲ್ಲಿ ಕೊಂಡಿಯ ಬದಲು ನಳಿಗೆಯ ಅಡಿಯಲ್ಲೇ ಒಂದು ಓರೆ ಗಾಡಿಯಿದೆ. ಭಾರತೀಯ ಸೇನೆಗಾಗಿ ಇಚ್ಛಾಪುರದ ರೈಫಲ್ ಕಾರ್ಖಾನೆ ತಯಾರಿಸಿದ 9 ಎಂ.ಎಂ. 1ಎ ಪಿಸ್ತೂಲು ಇದೇ ವಿನ್ಯಾಸದ್ದು.