ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿ

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಊರಿಗೆ ತೆರಳುವ ನಾವು ಕೇಡಗಾಂವ್ ನಿಲ್ದಾಣವನ್ನು ಎಷ್ಟೋ ಸಲ ದಾಟಿದ್ದೇವೆ. ಅಲ್ಲಿ ಮುಕ್ತಿ ಸದನವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರ ಏಪ್ರಿಲ್ 23ರಂದು ಜನಿಸಿದವರು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯ ವಿದ್ವತ್ಸಭೆಯ ಮುಂದೆ ನಿಲ್ಲಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರ ತೋರಿ ಅವರು ದೋಷಮುಕ್ತರಾದರು. ಇಂತಹ ವಿಚಾರಣೆಗಳು ಮಗಳನ್ನೂ ಬಿಡಲಿಲ್ಲ.

ಕ್ಷಾಮದಲ್ಲಿ ತಾಯಿತಂದೆಯರನ್ನೂ, 1882ರಲ್ಲಿ ಪತಿಯನ್ನೂ ಕಳೆದುಕೊಂಡ ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋದಾಗ, ವಾಂಟೇಜಿನ ಸಂನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಧಾಮವನ್ನು ಕಂಡರು. ದಾರಿತಪ್ಪಿದವರೆಂದು ಲೋಕ ದೂರವಿಟ್ಟ ಹೆಂಗಸರನ್ನು ಅಲ್ಲಿ ಅಕ್ಕರೆಯಿಂದ ಸಲಹುತ್ತಿದ್ದರು. ಆದಿ ಕ್ರೈಸ್ತಸಭೆಯ ಕ್ರಮವೂ ಇದೇ ಆಗಿತ್ತು: ತಪ್ಪಿದವನಿಗೆ ಮೊದಲು ಏಕಾಂತದಲ್ಲಿ ಬುದ್ಧಿ ಹೇಳುವುದು, ಬಳಿಕ ಒಂದಿಬ್ಬರ ಎದುರು, ಕೊನೆಗಷ್ಟೇ ಸಭೆಯ ಮುಂದೆ. ದಂಡನೆಗೊಳಗಾದವನು ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಬೇಕೆಂದು ಪೌಲನು ಕೊರಿಂಥದವರಿಗೆ ಬರೆದಿದ್ದನು. ಆ ಧಾಮದ ನೋಟವೇ ಅವರ ಮತಾಂತರಕ್ಕೆ ಒಂದು ಮುಖ್ಯ ಪ್ರೇರಣೆಯಾಯಿತು. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು.

ಸೋಜಿಗವೆಂದರೆ, ಹೊಸ ಮನೆಯಲ್ಲಿಯೂ ಅವರನ್ನು ತಿದ್ದುವ ಪ್ರಯತ್ನ ನಿಲ್ಲಲಿಲ್ಲ. ತ್ರಿತ್ವ ಸಿದ್ಧಾಂತವನ್ನು ಕೂಡಲೇ ಒಪ್ಪದ ಅವರಿಗೆ ಗುರುಗಳು ವಿಧೇಯತೆಯನ್ನು ಬೋಧಿಸಿದರು. ರಮಾಬಾಯಿಯವರು ಆತ್ಮಸಾಕ್ಷಿಯನ್ನು ಯಾರ ಕೈಗೂ ಒಪ್ಪಿಸಲಿಲ್ಲ. ಇದನ್ನು ಹಟವೆಂದು ಕರೆಯಲು ನಮಗೆ ಮನಸ್ಸಿಲ್ಲ.

1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ಅದೇ ವರ್ಷ ಇಲ್ಲಿನ ಪಂಚಹೌದ ಮಿಷನ್ನಿನ ಚಹಾಕೂಟಕ್ಕೆ ಹೋಗಿದ್ದ ರಾನಡೆಯವರು ತರುವಾಯ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು; ಊರಿನ ಹವೆ ಅಂಥದು! 1893ರಲ್ಲಿ, ಸದನದ ವಿಧವೆಯರನ್ನು ಮತಾಂತರಕ್ಕೆ ಸೆಳೆಯಲಾಗುತ್ತಿದೆಯೆಂಬ ಆರೋಪದ ನಡುವೆ, ರಾನಡೆ ಮತ್ತು ಭಾಂಡಾರಕರರು ಸಲಹಾ ಮಂಡಲಿಯಿಂದ ಹೊರನಡೆದರು. ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಕರೆದೊಯ್ದರು. ಆರೋಪದಲ್ಲಿ ಹುರುಳಿಲ್ಲದಿರಲಿಲ್ಲ, ತಮ್ಮ ಪ್ರಾರ್ಥನೆಗೆ ಬಂದು ಕೂರುವ ಹುಡುಗಿಯರನ್ನು ಅವರು ತಡೆಯುತ್ತಿರಲಿಲ್ಲ.

ಕ್ಷಾಮಪೀಡಿತ ಹುಡುಗಿಯರಿಂದ ಕೇಡಗಾಂವ್ ತುಂಬಿದಾಗ ಅವರು ಅಲ್ಲಿ ಕೃಪಾ ಸದನವೆಂಬ ಪ್ರತ್ಯೇಕ ಮನೆಯನ್ನು ತೆರೆದರು. ಅದು ಸಮಾಜ ಪತಿತೆಯರೆಂದು ಕರೆದವರಿಗಾಗಿ. ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. ಕಲಬುರ್ಗಿಯಲ್ಲಿಯೂ ಒಂದು ಪ್ರೌಢಶಾಲೆಯನ್ನು ಆರಂಭಿಸಿ ಮಗಳು ಮನೋರಮೆಗೆ ಒಪ್ಪಿಸಿದರು. ಮನೋರಮೆ 1921ರಲ್ಲಿ ತೀರಿಕೊಂಡರು. ಬೈಬಲ್ಲಿನ ಮರಾಠಿ ಅನುವಾದದಲ್ಲಿ ಕೊನೆಯವರೆಗೂ ತೊಡಗಿದ್ದ ತಾಯಿ 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ನಿಧನರಾದರು.