ಸೋಲಿನ ಹೊಣೆ ಹೊತ್ತ ಸತೀಶ್ ಧವನ್

ಇಸ್ರೋ ಎಂದೊಡನೆ ಬೆಂಗಳೂರು ನೆನಪಾಗುತ್ತದೆ. ಅದಕ್ಕೆ ಮುಖ್ಯ ಕಾರಣರಾದವರು ಕಾಶ್ಮೀರದಲ್ಲಿ ಹುಟ್ಟಿ ಬೆಂಗಳೂರಿನವರೇ ಆಗಿಹೋದ ಪ್ರೊ. ಸತೀಶ್ ಧವನ್.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನ್, ಗಣಿತ, ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್ ಜೊತೆಗೆ ಇಂಗ್ಲಿಷ್ ಸಾಹಿತ್ಯದಲ್ಲೂ ಪದವಿ ಪಡೆದವರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮುಂಬಯಿಯ ಜೆಮ್‌ಶೆಟ್‌ಜಿ ಟಾಟಾ ಅವರ ಕನಸಿನ ಕೂಸಾದ ಈ ಸಂಸ್ಥೆಗೆ 1962ರಲ್ಲಿ ನಿರ್ದೇಶಕರಾದರು.

ವಿಕ್ರಮ್ ಸಾರಾಭಾಯಿ ಅವರ ನಿಧನದ ಬಳಿಕ 1972ರಲ್ಲಿ ಇಸ್ರೋ ಸಾರಥ್ಯ ಧವನ್ ಅವರನ್ನು ಅರಸಿ ಬಂತು. ತಾವು ಸಂಸ್ಥೆಯ ನಿರ್ದೇಶಕರಾಗಿಯೇ ಮುಂದುವರಿಯಬೇಕು, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಎರಡು ಷರತ್ತುಗಳನ್ನು ಅವರು ಮುಂದಿಟ್ಟರು. ಪ್ರಧಾನಿ ಇಂದಿರಾ ಗಾಂಧಿ ಎರಡಕ್ಕೂ ಒಪ್ಪಿದರು.

ಅವರಿಗೆ ದೊಡ್ಡ ಪರೀಕ್ಷೆ ಎದುರಾದದ್ದು 1979ರ ಆಗಸ್ಟ್ 10ರಂದು. ವರ್ಷಗಳ ಶ್ರಮದ ಫಲವಾದ, 22 ಮೀಟರ್ ಎತ್ತರ ಹಾಗೂ 17 ಟನ್ ತೂಕದ ಎಸ್‌ಎಲ್‌ವಿ-3 ರಾಕೆಟ್ ಶ್ರೀಹರಿಕೋಟದಿಂದ ಮೇಲೇರಿತು. ಮೊದಲ ಹಂತ ಸರಿಯಾಗಿ ಉರಿಯಿತು. ಆದರೆ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟದ ದೋಷದಿಂದ ನೈಟ್ರಿಕ್ ಆಮ್ಲ ಸೋರಿಹೋಗಿ ರಾಕೆಟ್ ದಿಕ್ಕು ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಪ್ರಶ್ನೆಗಳಿಗೆ ಎದೆಯೊಡ್ಡಿದವರು ಧವನ್. ಸೋಲಿನ ಹೊಣೆಯನ್ನು ತಾವೇ ಹೊತ್ತು, ಒಂದು ವರ್ಷದೊಳಗೆ ಗೆಲ್ಲುವ ಭರವಸೆಯನ್ನೂ ಇತ್ತರು.

ಯಾರ ತಪ್ಪು ಎಂದು ಹುಡುಕುವ ಬದಲು ಏನು ತಪ್ಪಾಯಿತೆಂದು ಹುಡುಕುವ ಕೆಲಸ ನಡೆಯಿತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಮುಂದೆ ಕುಳಿತವರು ಕಲಾಂ. ಧವನ್ ಹಿಂದೆ ಸರಿದು ನಿಂತಿದ್ದರು. ಈ ಪ್ರಸಂಗವನ್ನು ಕಲಾಂ ರಾಷ್ಟ್ರಪತಿಯಾದ ಮೇಲೂ ಹೋದಲ್ಲೆಲ್ಲ ಸ್ಮರಿಸುತ್ತಿದ್ದರು.

ಗೆಲುವಿನ ಹಾದಿ ಆಮೇಲೂ ಸುಗಮವಾಗಿರಲಿಲ್ಲ. 1981ರ ಹಾರಾಟದಲ್ಲಿ ಉಪಗ್ರಹ ನಿರೀಕ್ಷಿತ ಎತ್ತರ ಮುಟ್ಟದೆ ಕೆಲವೇ ದಿನಗಳಲ್ಲಿ ಉರಿದುಹೋಯಿತು. 1983ರಲ್ಲಿ ಮತ್ತೆ ಯಶಸ್ಸು ದೊರೆಯಿತು. ಧವನ್ ನಿವೃತ್ತರಾದ ಮೇಲೆ, 1993ರಲ್ಲಿ ಪಿಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾದಾಗಲೂ ಇಸ್ರೋ ಕಂಗೆಡದೆ ದೋಷ ತಿದ್ದಿಕೊಂಡು, ಮರುವರ್ಷವೇ ಗೆದ್ದಿತು.

1981ರಲ್ಲಿ ಪದ್ಮವಿಭೂಷಣ ಗೌರವಕ್ಕೆ ಪಾತ್ರರಾದ ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಮೊದಲ ರಾಕೆಟ್ ಸೋತು, ಮರುವರ್ಷ ಗೆದ್ದ ಆ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅದೇ ವರ್ಷ ಅವರ ಹೆಸರಿಡಲಾಯಿತು.